ಮನೆಮಂದಿಯ ಕ್ಯಾಂಪಿಂಗ್‌ಗೆ ಯಾವ ಬಟ್ಟೆಯ ಟೆಂಟ್? ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ರಜೆ ಹತ್ತಿರ ಬಂದರೆ ಸಾಕು, ನೆಂಟರಿಂದ, ಆಫೀಸಿನವರಿಂದ ಒಂದೇ ಥರದ ಮೆಸೇಜು ಶುರುವಾಗುತ್ತದೆ. ಟೆಂಟಿನ ಫೋಟೋ, ಕೆಳಗೆ "ಇದು ಪರವಾಗಿಲ್ವಾ?" ಅಂತ ಒಂದು ಸಾಲು. ಫೋಟೋ ನೋಡಿ ಬಣ್ಣ ಹೇಳಬಹುದು, ಬಟ್ಟೆ ಹೇಳಲು ಬರುವುದಿಲ್ಲ. ಹಾಗಾಗಿ ಹೆಂಡತಿ, ಇಬ್ಬರು ಮಕ್ಕಳು, ಆಗಾಗ ಅಮ್ಮನನ್ನೂ ಕಟ್ಟಿಕೊಂಡು ಹನ್ನೆರಡು ವರ್ಷದಿಂದ ಟೆಂಟ್ ಹಾಕುತ್ತಿರುವ ನಾನು, ನನಗೆ ತಿಳಿದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಓದೋಕೆ ಪುರುಸೊತ್ತಿಲ್ಲ. ಯಾವುದು ತಗೊಳ್ಳಲಿ, ಹೇಳಿಬಿಡಿ.

ಪಾಲಿಯೆಸ್ಟರ್. ಎರಡು ಪದರದ್ದು, ಮೇಲ್ಹೊದಿಕೆ 2000ದಿಂದ 3000 ಎಂಎಂ (ಇದು ನೀರು ತಡೆಯುವ ಅಳತೆ, ವಿವರ ಮುಂದಿದೆ), ತಳ ಸೇರಿಸಿಯೇ ಹೊಲಿದಿರುವುದು. ಕಾರಿನಲ್ಲಿ ಹೋಗಿ, ವರ್ಷಕ್ಕೆ ನಾಲ್ಕೈದು ರಾತ್ರಿ ಮಲಗಿ ಬರುವ ಮನೆಗೆ ಇಷ್ಟು ಸಾಕು. ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ನೈಲಾನ್. ಸ್ವಂತ ತೋಟ ಇದೆ, ಚಳಿಗಾಲ ಪೂರ್ತಿ ನಿಲ್ಲಿಸಿಯೇ ಇರುತ್ತೇವೆ ಅನ್ನುವವರಿಗೆ ಕ್ಯಾನ್ವಾಸ್. ಒಣಗಿಸದೆ ಮಡಚಿಟ್ಟರೆ ಮೂರೂ ದಂಡ. ಅದರ ಕತೆ ಮುಂದೆ ಇದೆ.

ಪಾಲಿಯೆಸ್ಟರ್ ಅಂದ್ರೆ ಅಗ್ಗದ ಮಾಲು ಅಲ್ವಾ? ನೈಲಾನೇ ಗಟ್ಟಿ ಅಂತಾರಲ್ಲ?

ಗಟ್ಟಿ ಹೌದು. ಒಂದೇ ತೂಕದ ಎರಡು ಬಟ್ಟೆ ಹಿಡಿದು ಹರಿಯಲು ನೋಡಿದರೆ ನೈಲಾನೇ ಜಾಸ್ತಿ ಹೊತ್ತು ತಡೆಯುತ್ತದೆ. ಆದರೆ ನೈಲಾನಿಗೆ ನೀರಿನ ಚಟ ಇದೆ. ಸಾಮಾನ್ಯ ಹವೆಯಲ್ಲೇ ಅದರ ನೂಲು ತನ್ನ ತೂಕದ ಸುಮಾರು 4 ಶೇಕಡಾ ತೇವ ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು 0.4 ಶೇಕಡಾ. ತೇವ ಹೀರಿದ ನೈಲಾನ್ ಹಿಗ್ಗುತ್ತದೆ. ಸಂಜೆ ತಂಬೂರಿ ತಂತಿಯ ಹಾಗೆ ಬಿಗಿದು ಕಟ್ಟಿದ್ದು ರಾತ್ರಿ ಎರಡು ಗಂಟೆಗೆ ಹಳೇ ಹಗ್ಗದ ಮಂಚದ ಹಾಗೆ ಜೋತುಬಿದ್ದಿರುತ್ತದೆ. ಜೋತ ಮೇಲ್ಹೊದಿಕೆ ಒಳಪದರಕ್ಕೆ ತಾಗುತ್ತದೆ, ತಾಗಿದ ಕಡೆ ನೀರು ಒಳಗೆ ಬರುತ್ತದೆ. ಮಳೆಯಲ್ಲಿ ಎದ್ದು ಹೋಗಿ ಹಗ್ಗ ಬಿಗಿಯುವವರು ಯಾರು?

ಇನ್ನೊಂದು, ಬಿಸಿಲು. ನಮ್ಮ ಬಿಸಿಲಿಗೆ ನೈಲಾನ್ ಬೇಗ ಸೋಲುತ್ತದೆ, ಪಾಲಿಯೆಸ್ಟರ್ ತಡವಾಗಿ. ನೈಲಾನಿನ ನಿಜವಾದ ಲಾಭ ಹಗುರ. ಡಿಕ್ಕಿಯಲ್ಲಿ ಟೆಂಟಿನ ಪಕ್ಕ ಕುಕ್ಕರ್, ಚಾಪೆ, ಅಜ್ಜಿಯ ಮಡಚುವ ಕುರ್ಚಿ ಎಲ್ಲ ಇರುವಾಗ ಒಂದು ಕಿಲೋ ಉಳಿಸಿ ಏನು ಸಾಧಿಸಿದ ಹಾಗಾಯಿತು?

ಕ್ಯಾನ್ವಾಸ್ ಟೆಂಟ್ ನೋಡೋಕೆ ಎಷ್ಟು ಚೆಂದ! ಅದನ್ನೇ ತಗೊಂಡ್ರೆ?

ಆಸೆ ಆಗುವುದು ಸಹಜ. ಟೆಂಟ್ ಸಿನಿಮಾದಲ್ಲಿ ಮಣ್ಣಿನ ಮೇಲೆ ಕುಳಿತು ಚಿತ್ರ ನೋಡಿದವರಿಗೆ, ಸ್ಕೌಟ್ ಕ್ಯಾಂಪಿನ ಖಾಕಿ ಡೇರೆಯಲ್ಲಿ ಮಲಗಿದವರಿಗೆ ಆ ಬಟ್ಟೆಯ ವಾಸನೆ ಮರೆಯುವುದಿಲ್ಲ. ಭೀಮೇಶ್ವರಿ, ಗಾಲಿಬೋರೆಯ ಜಂಗಲ್ ಲಾಡ್ಜಸ್‌ನಲ್ಲಿ ಉಳಿದು ಬಂದವರೂ ನನ್ನನ್ನು ಇದನ್ನೇ ಕೇಳುತ್ತಾರೆ.

ಹತ್ತಿಯ ಕ್ಯಾನ್ವಾಸ್ ಉಸಿರಾಡುವ ಬಟ್ಟೆ. ಒಳಗೆ ಧಗೆ ಕಡಿಮೆ, ಬೆಳಗ್ಗೆ ಗೋಡೆಯಲ್ಲಿ ನೀರು ಇಳಿಯುವುದೂ ಕಡಿಮೆ, ಗಾಳಿ ಬಂದರೆ ಪಟಪಟ ಸದ್ದಿಲ್ಲ. ಅದು ಮಳೆ ತಡೆಯುವ ರೀತಿಯೇ ಬೇರೆ. ಮೇಲೆ ಪ್ಲಾಸ್ಟಿಕ್ಕಿನಂಥ ಲೇಪನ ಇರುವುದಿಲ್ಲ. ನೀರು ತಾಗಿದ ಕೂಡಲೇ ಹತ್ತಿ ನೂಲು ಉಬ್ಬಿ, ನೇಯ್ಗೆಯ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಹೊಸ ಕ್ಯಾನ್ವಾಸನ್ನು ನೇರ ಕಾಡಿಗೆ ಒಯ್ಯಬಾರದು. ಮನೆಯಂಗಳದಲ್ಲಿ ನಿಲ್ಲಿಸಿ, ಪೈಪಿನಲ್ಲಿ ಚೆನ್ನಾಗಿ ನೆನೆಸಿ, ಪೂರ್ತಿ ಒಣಗಿಸಿ, ಮತ್ತೆ ನೆನೆಸಬೇಕು. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಹೊಲಿಗೆಯ ಸೂಜಿ ತೂತುಗಳೂ ಮುಚ್ಚಿಕೊಳ್ಳುತ್ತವೆ. ಬಟ್ಟೆ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಮೊದಲ ಸಲ ಹಗ್ಗ ಸಡಿಲವಾಗಿಯೇ ಇರಲಿ. ಮಳೆ ಬರುವಾಗ ಮಕ್ಕಳು ಒಳಗಿನಿಂದ ಬಟ್ಟೆಗೆ ಬೆರಳು ಉಜ್ಜದ ಹಾಗೆ ನೋಡಿಕೊಳ್ಳಿ, ಉಜ್ಜಿದ ಕಡೆಯೇ ಜಿನುಗಲು ಶುರುವಾಗುತ್ತದೆ. (ಮಕ್ಕಳಿಗೆ ಇದನ್ನು ಹೇಳಬೇಡಿ. ಹೇಳಿದರೆ ಖಂಡಿತ ಉಜ್ಜುತ್ತಾರೆ.)

ಹಾಗಾದರೆ ತೊಂದರೆ ಏನು? ಭಾರ, ಬೂಷ್ಟು. ನಾಲ್ಕು ಮೀಟರಿನ ಗುಂಡು ಟೆಂಟ್ ಒಣಗಿದ್ದಾಗಲೇ 20 ಕೆ.ಜಿ. ದಾಟುತ್ತದೆ, ನೆಂದರೆ ಎತ್ತಲು ಇಬ್ಬರು ಬೇಕು. ನಮ್ಮ ಹವೆಯಲ್ಲಿ ಒದ್ದೆ ಹತ್ತಿ ಬಟ್ಟೆಯನ್ನು ಎರಡು ದಿನ ಮಡಚಿಟ್ಟರೆ ಸಾಕು, ಕರಿ ಚುಕ್ಕೆ ಬಂದುಬಿಡುತ್ತದೆ. ಮತ್ತೆ ಅದು ಹೋಗುವುದಿಲ್ಲ. ಕರಾವಳಿಯ ಯಕ್ಷಗಾನದ ಡೇರೆ ಮೇಳದವರು ಮೇ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಿ ಡೇರೆ ಇಳಿಸುತ್ತಿದ್ದದ್ದು ಮಳೆಗಾಲದ ಲೆಕ್ಕ ಹಾಕಿಯೇ. ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಇದ್ದುಕೊಂಡು ಕ್ಯಾನ್ವಾಸ್ ಸಾಕುವುದು, ಬಾಲ್ಕನಿಯಲ್ಲಿ ಎಮ್ಮೆ ಸಾಕಿದ ಹಾಗೆ.

ಪಾಲಿಕಾಟನ್ ಹೇಗೆ? ಎರಡರ ಗುಣವೂ ಇರುತ್ತಂತೆ.

ಪಾಲಿಯೆಸ್ಟರ್, ಹತ್ತಿ ಬೆರೆಸಿ ನೇಯ್ದ ಬಟ್ಟೆ ಅದು. ಎರಡರ ಗುಣವೂ ಅರ್ಧರ್ಧ ಇರುತ್ತದೆ, ದೋಷವೂ ಅರ್ಧರ್ಧ. ಕ್ಯಾನ್ವಾಸಿಗಿಂತ ಹಗುರ, ಪಾಲಿಯೆಸ್ಟರಿಗಿಂತ ತಂಪು. ಹತ್ತಿ ಇರುವಷ್ಟು ಬೂಷ್ಟಿನ ಭಯವೂ ಇದೆ. ಬೆಲೆ ಮಾತ್ರ ಅರ್ಧ ಇಲ್ಲ.

ಆಗುಂಬೆಯಲ್ಲಿ 7000 ಎಂಎಂ ಮಳೆ. ನನ್ನ ಟೆಂಟ್ 2000 ಎಂಎಂ. ಸಾಕಾಗುತ್ತಾ?

ಇದನ್ನು ತಮಾಷೆಗೆ ಬರೆದದ್ದಲ್ಲ, ನಿಜವಾಗಿಯೂ ಕೇಳುತ್ತಾರೆ. ಎರಡೂ ಕಡೆ ಎಂಎಂ ಅಂತಲೇ ಬರೆದಿದ್ದರೆ ಯಾರಿಗಾದರೂ ಗೊಂದಲ ಆಗುತ್ತದೆ. ಆಗುಂಬೆಯ ಲೆಕ್ಕ ವರ್ಷವಿಡೀ ಬಿದ್ದ ಮಳೆಯದು. ಟೆಂಟಿನ ಲೆಕ್ಕ ಒತ್ತಡದ್ದು. ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರು ಅಂದುಕೊಳ್ಳಿ. ನೀರು ಎಷ್ಟು ಎತ್ತರಕ್ಕೆ ಏರಿದಾಗ ಬಟ್ಟೆಯ ಕೆಳಗೆ ಹನಿ ಕಾಣಿಸಿತು, ಅದೇ ಆ ಸಂಖ್ಯೆ. 2000 ಅಂದರೆ ಎರಡು ಮೀಟರ್ ನೀರಿನ ಭಾರ ತಡೆದಿದೆ ಎಂದರ್ಥ. ಚಾವಣಿಗೆ ಬೀಳುವ ಮಳೆಹನಿಗೆ ಇದು ಧಾರಾಳ. ಬ್ರಿಟನ್‌ನಲ್ಲಿ 1500 ಇದ್ದರೇ ವಾಟರ್‌ಪ್ರೂಫ್ ಅನ್ನುತ್ತಾರೆ. 5000, 8000 ಅಂತ ಚಾವಣಿಗೆ ಬರೆದಿರುವುದನ್ನು ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ದಪ್ಪ ಲೇಪನದಿಂದ ಭಾರ ಹೆಚ್ಚುತ್ತದೆ ಅಷ್ಟೇ. ಲೇಪನ ಹಳತಾದಂತೆ ಈ ಸಂಖ್ಯೆ ಇಳಿಯುತ್ತದೆ ಅನ್ನುವ ಕಾರಣಕ್ಕೆ ನಾನು 1500ರ ಬದಲು 2000–3000 ಹೇಳುತ್ತೇನೆ.

ಹಾಗಂತ ಆಷಾಢದಲ್ಲಿ ಮಕ್ಕಳನ್ನು ಕರೆದುಕೊಂಡು ಆಗುಂಬೆಗೆ ಟೆಂಟ್ ಹಾಕಲು ಹೋಗಿ ಅನ್ನುತ್ತಿಲ್ಲ. ಅಲ್ಲಿ ಬಟ್ಟೆ ಸೋಲುವುದಕ್ಕೆ ಮೊದಲೇ ಗಾಳಿ, ಜಿಗಣೆ, ಮುರಿದು ಬೀಳುವ ಕೊಂಬೆ, ಹರಿದು ಬರುವ ನೀರು ನಿಮ್ಮನ್ನು ಸೋಲಿಸುತ್ತವೆ. ಮಲೆನಾಡಿಗೆ ಅಕ್ಟೋಬರ್ ಕೊನೆಯ ನಂತರ, ಅದೂ ಹೋಮ್‌ಸ್ಟೇ ಅಂಗಳದಲ್ಲಿ. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗೂಟ ಹೊಡೆಯುವ ಹಾಗಿಲ್ಲ.

ಮೇಲಿನಿಂದ ಒಂದು ಹನಿ ಸೋರಲಿಲ್ಲ. ಆದರೂ ಚಾಪೆ ಒದ್ದೆ. ಯಾಕೆ?

ತಳ. ಎಲ್ಲರೂ ಚಾವಣಿ ನೋಡಿ ಟೆಂಟ್ ಕೊಳ್ಳುತ್ತಾರೆ, ಒದ್ದೆಯಾಗುವುದು ಕೆಳಗಿನಿಂದ. ಒಂದು ಚಿಕ್ಕ ಲೆಕ್ಕ ನೋಡಿ. 60 ಕೆ.ಜಿ. ಇರುವವರು ಮಂಡಿಯೂರಿ ಕುಳಿತರೆ ಒಂದೊಂದು ಮಂಡಿಗೆ 30 ಕೆ.ಜಿ. ಮಂಡಿ ನೆಲಕ್ಕೆ ತಾಗುವ ಜಾಗ ಸುಮಾರು 50 ಚದರ ಸೆಂಟಿಮೀಟರ್ ಅಂದುಕೊಳ್ಳೋಣ. ಚದರ ಸೆಂಟಿಮೀಟರಿಗೆ 600 ಗ್ರಾಂ ಬಿತ್ತು. ಅಷ್ಟು ಒತ್ತಡ ಹುಟ್ಟಬೇಕಾದರೆ 6 ಮೀಟರ್ ನೀರು ನಿಲ್ಲಬೇಕು, ಅಂದರೆ 6000 ಎಂಎಂ. 2000ದ ತಳ ಹಸಿ ಹುಲ್ಲಿನ ಮೇಲಿದ್ದರೆ ಮಂಡಿ ಊರಿದಲ್ಲೆಲ್ಲ ನೀರು ಮೇಲೆ ಬರುತ್ತದೆ.

ಒಳ್ಳೆಯ ತಳ 5000ಕ್ಕೂ ಮೇಲಿರುತ್ತದೆ, ಬಟ್ಟೆಯೂ ದಪ್ಪ. ಕೆಲವು ಟೆಂಟಿಗೆ ತರಕಾರಿ ಸಂತೆಯ ಹೊದಿಕೆಯಂಥ ನೇಯ್ದ ಪಾಲಿಥೀನ್ ಶೀಟೇ ತಳ. ನೋಡಲು ಒರಟು, ಆದರೆ ನೀರಿಗೆ ಗಟ್ಟಿ. ಮಡಚಿದ ಗೆರೆಯಲ್ಲಿ ಮಾತ್ರ ಬೇಗ ಬಿರುಕು ಬಿಡುತ್ತದೆ.

ಯಾವ ತಳವಾದರೂ ಸರಿ, ಕೆಳಗೆ ಒಂದು ತಾಡಪಾಲು ಹಾಸಿ. ಅಡಿಕೆ ಒಣಗಿಸುವ ಮನೆಯಲ್ಲಿ ಹಳೆಯದೊಂದು ಇದ್ದೇ ಇರುತ್ತದೆ. ಉತ್ತರ ಕರ್ನಾಟಕದವರು ತಾಡಪತ್ರಿ ಅನ್ನಿ, ಸಾಮಾನು ಅದೇ. ಆದರೆ ಅದು ಟೆಂಟಿನ ಅಂಚಿನಿಂದ ಸುತ್ತಲೂ ಅರ್ಧ ಗೇಣು ಒಳಗೇ ಇರಬೇಕು. ಹೊರಗೆ ಚಾಚಿದರೆ ಮೇಲಿನಿಂದ ಇಳಿದ ಮಳೆನೀರು ತಾಡಪಾಲಿನ ಮೇಲೆ ಸೇರಿ ನಿಮ್ಮ ಹಾಸಿಗೆಯಡಿ ಕೆರೆ ಕಟ್ಟುತ್ತದೆ. ನಾನು ಕಟ್ಟಿಸಿದ್ದೇನೆ ಆ ಕೆರೆ.

ತಳ ಸೇರಿಸಿ ಹೊಲಿದಿರಲೇಬೇಕಾ? ಬಿಡಿ ಹಾಸು ಇದ್ರೆ ಒಳಗೆ ಚಪ್ಪಲಿ ಹಾಕ್ಕೊಂಡು ಓಡಾಡಬಹುದಲ್ವಾ?

ಮಕ್ಕಳಿದ್ದರೆ ಹೊಲಿದಿರಲೇಬೇಕು. ಚೇಳು, ಹಾವು, ಇರುವೆ ಒಂದು ಕಡೆ ಇರಲಿ. ಮಲೆನಾಡಿನಲ್ಲಿ ಉಣುಗಿನ ವಿಷಯ ಸಣ್ಣದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ, ಅಂದರೆ ನಾವು ಕ್ಯಾಂಪಿಂಗ್‌ಗೆ ಹೊರಡುವ ಕಾಲವೇ. ಆ ಭಾಗಕ್ಕೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಎಚ್ಚರಿಕೆ ಕೊಟ್ಟಿದೆಯಾ ವಿಚಾರಿಸಿ, ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ಒಳ್ಳೆಯ ತಳ ನಾಲ್ಕು ಬೆರಳಿನಷ್ಟಾದರೂ ಗೋಡೆಯ ಕಡೆಗೆ ಮಡಚಿಕೊಂಡು ಮೇಲೇರಿರುತ್ತದೆ, ಚಿಕ್ಕ ಬೋಗುಣಿಯ ಹಾಗೆ. ಬಾಗಿಲಿನ ಜಿಪ್ ಪೂರ್ತಿ ಕೆಳಗಿನವರೆಗೆ ಮುಚ್ಚಬೇಕು.

ಲೇಬಲ್‌ನಲ್ಲಿ 68ಡಿ, 190ಟಿ, ರಿಪ್‌ಸ್ಟಾಪ್ ಅಂತೆಲ್ಲ ಇದೆ. ಏನಿದು?

ಡಿ ಅಂದರೆ ಡೆನಿಯರ್. ರಾಮನಗರ, ಶಿಡ್ಲಘಟ್ಟದ ರೀಲರ್‌ಗಳನ್ನು ಕೇಳಿ, ನಿದ್ದೆಯಲ್ಲೂ ಹೇಳುತ್ತಾರೆ. ಈ ಅಳತೆ ಬಳಕೆಗೆ ಬಂದದ್ದೇ ರೇಷ್ಮೆಗೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 68ಡಿ ಅಂದರೆ ಅಷ್ಟುದ್ದ ನೂಲಿಗೆ 68 ಗ್ರಾಂ. ಸಂಖ್ಯೆ ಹೆಚ್ಚಾದಷ್ಟು ನೂಲು ದಪ್ಪ. ಮನೆಮಂದಿಯ ಟೆಂಟಿಗೆ ಮೇಲೆ 68–75, ತಳಕ್ಕೆ 150ರಷ್ಟು ಇದ್ದರೆ ಒಳ್ಳೆಯದು. 20ಡಿ ಅನ್ನುವುದು ಹೊತ್ತು ನಡೆಯುವವರ ಬಟ್ಟೆ.

ಟಿ ಅಂದರೆ ಒಂದು ಚದರ ಇಂಚಿನಲ್ಲಿ ಹಾಸು ಹೊಕ್ಕು ಎರಡೂ ಸೇರಿ ಎಷ್ಟು ಎಳೆ ಇವೆ ಅನ್ನುವುದು. 190 ಸಾಮಾನ್ಯ, 210 ಇನ್ನಷ್ಟು ಒತ್ತು. ರಿಪ್‌ಸ್ಟಾಪ್ ಅಂದರೆ ನಡುನಡುವೆ ದಪ್ಪ ಎಳೆ ಹಾಕಿ ಚೌಕ ಚೌಕವಾಗಿ ನೇಯ್ದದ್ದು, ಒಂದು ಚೌಕದಲ್ಲಿ ಹರಿದರೆ ಹರಕು ಅಲ್ಲೇ ನಿಲ್ಲಲಿ ಅಂತ. ಬಟ್ಟೆಯ ಮೇಲೆ ಬರೀ ಚೌಕದ ಡಿಸೈನ್ ಅಚ್ಚು ಹಾಕಿ ಮಾರುವವರೂ ಇದ್ದಾರೆ. ಬೆರಳು ಆಡಿಸಿ ನೋಡಿ, ನಿಜವಾದ ಚೌಕದ ಎಳೆ ಕೈಗೆ ತಗಲುತ್ತದೆ.

ಸಿಲ್‌ನೈಲಾನ್ ಅಂದ್ರೆ ನಮ್ಮ ಸಿಲ್ಪಾಲಿನ್ನೇ ತಾನೆ?

ಅಲ್ಲ. ಸಿಲ್ಪಾಲಿನ್ ಕೃಷಿಹೊಂಡಕ್ಕೆ, ಅಡಿಕೆ ಅಂಗಳಕ್ಕೆ ಹಾಸುವ ಪ್ಲಾಸ್ಟಿಕ್ ಶೀಟು. ಸಿಲ್‌ನೈಲಾನ್ ಅಂದರೆ ತೆಳು ನೈಲಾನಿಗೆ ಸಿಲಿಕೋನ್ ಕುಡಿಸಿದ ಬಟ್ಟೆ. ಮಳೆಹನಿ ಅದರ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಜಾರುತ್ತದೆ. ಹಗುರ, ಹರಿಯುವುದು ಕಷ್ಟ, ಲೇಪನ ಬಹಳ ವರ್ಷ ಬಾಳುತ್ತದೆ. ಪಾಲಿಯೆಸ್ಟರಿಗೆ ಸಿಲಿಕೋನ್ ಕುಡಿಸಿದ್ದೂ ಸಿಗುತ್ತದೆ, ಅದು ಜೋತುಬೀಳುವುದಿಲ್ಲ. ಆದರೆ ಎರಡೂ ಮಗ್ಗುಲಿಗೆ ಸಿಲಿಕೋನ್ ಇದ್ದರೆ ಹೊಲಿಗೆಯ ಮೇಲೆ ಮಾಮೂಲಿ ಟೇಪ್ ಅಂಟುವುದಿಲ್ಲ. ಸಿಲಿಕೋನ್ ಅಂಟನ್ನೇ ತಂದು ಹೊಲಿಗೆಗೆಲ್ಲ ಬಳಿಯಬೇಕು. ದುಬಾರಿ ಬೇರೆ. ಡೈನೀಮಾದಂಥ ಇನ್ನೂ ದುಬಾರಿ ಬಟ್ಟೆಗಳಿವೆ, ಮಕ್ಕಳು ಉರುಳಾಡುವ ಟೆಂಟಿಗೆ ಅವು ಬೇಡವೇ ಬೇಡ.

ಮಳೆಯೇ ಇರಲಿಲ್ಲ. ಬೆಳಗ್ಗೆ ನೋಡಿದ್ರೆ ಒಳಗೆಲ್ಲ ಹನಿ. ಬಟ್ಟೆ ಕಳಪೆ ಇರಬೇಕು.

ಬಟ್ಟೆಯನ್ನು ಬೈಯಬೇಡಿ, ಆ ನೀರು ನಿಮ್ಮದೇ. ಒಬ್ಬ ದೊಡ್ಡವರ ಉಸಿರು ಮತ್ತು ಚರ್ಮದಿಂದ ರಾತ್ರಿಗೆ ಕಾಲು ಲೀಟರ್ ಆಸುಪಾಸು ನೀರು ಆವಿಯಾಗಿ ಹೋಗುತ್ತದೆ. ನಾಲ್ಕು ಜನ ಇದ್ದರೆ ಹೆಚ್ಚುಕಡಿಮೆ ಒಂದು ಲೀಟರ್. ಹೊರಗಿನ ಚಳಿಗೆ ಮೇಲ್ಹೊದಿಕೆ ತಣ್ಣಗಾಗಿರುತ್ತದೆ, ಆವಿ ಅಲ್ಲಿ ಹೋಗಿ ಹನಿಗಟ್ಟುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ನೋಡಿಲ್ವಾ, ಹಾಗೇ. ಎರಡು ಪದರ ಬೇಕು ಅಂದದ್ದು ಇದಕ್ಕೇ. ಹನಿ ಹೊರಪದರದಲ್ಲೇ ಇಳಿದು ಹೋಗುತ್ತದೆ, ಒಳಗೆ ಜಾಲರಿ ಬಟ್ಟೆ ಇರುವುದರಿಂದ ನಿಮಗೆ ತಾಗುವುದಿಲ್ಲ. ಚಳಿ ಅಂತ ಗಾಳಿಕಿಂಡಿ ಮುಚ್ಚಬೇಡಿ. ಹೊಳೆಗೆ ತೀರಾ ಹತ್ತಿರ, ತಗ್ಗಿನಲ್ಲಿ ಹಾಕಿದರೆ ಇಬ್ಬನಿಯ ಕಾಟ ಇನ್ನೂ ಜಾಸ್ತಿ.

ಹಂಪಿ, ಬಾದಾಮಿ ಕಡೆ ಬಿಸಿಲಿಗೆ ಯಾವುದು?

ಮಾರ್ಚ್ ನಂತರ ಆ ಕಡೆ ಯಾವ ಬಟ್ಟೆಯೂ ಬೇಡ, ಫ್ಯಾನ್ ಇರುವ ರೂಮು ಮಾಡಿ. ನವೆಂಬರಿನಿಂದ ಜನವರಿ ತನಕ ಆದರೆ ತಿಳಿ ಬಣ್ಣದ ಹೊರಪದರ, ಒಳಗೆಲ್ಲ ಜಾಲರಿ. ಡೆಕಾತ್ಲಾನಿನ ಕೆಚುವಾದಂಥ ಬ್ರ್ಯಾಂಡುಗಳು ಹೊರಗೆ ಬಿಳಿ, ಒಳಮೈಗೆ ಕಪ್ಪು ಲೇಪನ ಇರುವ ಬಟ್ಟೆ ಮಾಡುತ್ತವೆ. ಹೊತ್ತು ಹುಟ್ಟಿದರೂ ಒಳಗೆ ಕತ್ತಲು, ಧಗೆಯೂ ಕಡಿಮೆ. ಐದೂವರೆಗೇ ಏಳುವ ಚಿಕ್ಕ ಮಕ್ಕಳಿರುವ ಮನೆಗೆ ನಾನು ಇದನ್ನು ಕಣ್ಣುಮುಚ್ಚಿ ಹೇಳುತ್ತೇನೆ. ಮರದ ನೆರಳು ಎಲ್ಲಕ್ಕಿಂತ ಒಳ್ಳೆಯದು, ತೆಂಗಿನ ಮರ ಒಂದನ್ನು ಬಿಟ್ಟು.

ಮಂಗಗಳ ವಿಷಯ: ಬಾಳೆಹಣ್ಣು ಒಳಗಿಟ್ಟು ದೇವಸ್ಥಾನ ನೋಡಲು ಹೋದರೆ 20ಡಿ, 150ಡಿ ಎಲ್ಲ ಅವಕ್ಕೆ ಒಂದೇ.

ಗೋಕರ್ಣದ ಬೀಚಿಗೆ?

ಪಾಲಿಯೆಸ್ಟರೇ. ಅಲ್ಲಿ ಬಟ್ಟೆಗಿಂತ ಮೊದಲು ಹಾಳಾಗುವುದು ಜಿಪ್. ವಾಪಸ್ ಬಂದ ಮೇಲೆ ಸಿಹಿನೀರಿನಲ್ಲಿ ಉಪ್ಪು, ಮರಳು ತೊಳೆಯಿರಿ.

ಅಟ್ಟದಲ್ಲಿಟ್ಟ ಟೆಂಟ್ ತೆಗೆದ್ರೆ ಅಂಟಂಟು, ಕೆಟ್ಟ ವಾಸನೆ. ಏನಾಯ್ತು?

ನನ್ನ ಮೊದಲ ಟೆಂಟ್ ಸತ್ತದ್ದೂ ಹೀಗೆಯೇ. ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಎರಡು ರಾತ್ರಿ ಇದ್ದೆವು. ಹೊರಡುವ ದಿನ ಬೆಳಗ್ಗೆ ಇಬ್ಬನಿಯಲ್ಲಿ ನೆಂದಿತ್ತು. ಮನೆಗೆ ಹೋಗಿ ಒಣಗಿಸಿದರಾಯಿತು ಅಂತ ಸುತ್ತಿ ಚೀಲಕ್ಕೆ ತುರುಕಿದೆ. ಮನೆಗೆ ಬಂದಾಗ ರಾತ್ರಿ ಹತ್ತು. ನಾಳೆ, ನಾಡಿದ್ದು ಅನ್ನುತ್ತಾ ಚೀಲ ಅಟ್ಟ ಸೇರಿತು. ಮುಂದಿನ ದಸರಾಕ್ಕೆ ತೆಗೆದರೆ ಬಟ್ಟೆ ಬಟ್ಟೆಗೆ ಹಲಸಿನ ಮೇಣದ ಹಾಗೆ ಹಿಡಿದಿತ್ತು. ಎಳೆದರೆ ಚರ್ರ್ ಅಂತ ಸದ್ದು. ವಾಂತಿಯ ವಾಸನೆ. ಮಗಳು ಮೂಗು ಮುಚ್ಚಿಕೊಂಡು, "ಅಪ್ಪಾ, ಇದರಲ್ಲಿ ನೀವೊಬ್ರೇ ಮಲಗಿ" ಅಂದಳು.

ಆದದ್ದು ಇಷ್ಟು. ಪಾಲಿಯೆಸ್ಟರ್ ಟೆಂಟಿನ ಒಳಮೈಗೆ ಪಾಲಿಯುರೆಥೇನ್ ಅನ್ನುವ ತೆಳು ಲೇಪನ ಇರುತ್ತದೆ. ನೀರು ತಡೆಯುವುದು ಅದೇ, ಬಟ್ಟೆಯಲ್ಲ. ತೇವ ಮತ್ತು ಶೆಖೆ ಜೊತೆಯಾಗಿ ಸಿಕ್ಕರೆ ನೀರೇ ಆ ಲೇಪನದ ಕಣಗಳನ್ನು ಕಡಿದು ಹಾಕುತ್ತದೆ. ಮೊದಲು ಅಂಟು, ಆಮೇಲೆ ಸಿಪ್ಪೆ. ಯುರೋಪಿನ ಒಣ ಗ್ಯಾರೇಜಿನಲ್ಲಿ ಹತ್ತು ವರ್ಷ ಬಾಳುವ ಟೆಂಟ್ ಮಂಗಳೂರಿನ ಅಟ್ಟದಲ್ಲಿ ಮೂರು ಮಳೆಗಾಲಕ್ಕೇ ಮುಗಿಯಬಹುದು. ಹಂಚಿನ ಮನೆಯ ಅಟ್ಟ ಬೇಸಿಗೆಯಲ್ಲಿ ಕುದಿಯುತ್ತದೆ, ಮಳೆಗಾಲದಲ್ಲಿ ತೊಟ್ಟಿಕ್ಕುತ್ತದೆ. ಟೆಂಟಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಪಾಲಿಈಥರ್ ಜಾತಿಯ ಲೇಪನ ಜಾಸ್ತಿ ಬಾಳುತ್ತದೆ. ಲೇಬಲ್‌ನಲ್ಲಿ ಆ ಪದ ಕಂಡರೆ ಆ ಟೆಂಟಿಗೆ ಸ್ವಲ್ಪ ಹೆಚ್ಚು ಕೊಡಬಹುದು.

ಅಂಟಾದದ್ದು ಮತ್ತೆ ಸರಿಯಾಗುವುದಿಲ್ಲ. ಪೌಡರ್ ಹಾಕಿದರೆ ಅಂಟು ಕೈಗೆ ಹತ್ತುವುದಿಲ್ಲ ಅಷ್ಟೇ, ನೀರು ನಿಲ್ಲುವುದಿಲ್ಲ. ನನ್ನದನ್ನು ಕತ್ತರಿಸಿ ಸ್ಕೂಟರಿಗೆ ಹೊದಿಸಿದೆ.

ಹಾಗಾಗಿ ಬಂದ ದಿನವೇ ಒಣಗಿಸಿ. ಅಂಗಳ ಇಲ್ಲದಿದ್ದರೆ ಬಾಗಿಲು ಕುರ್ಚಿ ಮಂಚಗಳ ಮೇಲೆ ಹರಡಿ, ಫ್ಯಾನ್ ಹಾಕಿ ಮಲಗಿ. ಮನೆ ಒಂದು ರಾತ್ರಿ ಸರ್ಕಸ್ ಡೇರೆಯ ಹಾಗೆ ಕಾಣುತ್ತದೆ, ಕಾಣಲಿ. ಹೊಲಿಗೆ, ಮೂಲೆ, ಗೂಟದ ಪಟ್ಟಿ ಕೊನೆಗೆ ಒಣಗುವ ಜಾಗಗಳು, ಅಲ್ಲಿ ಕೈಯಿಟ್ಟು ನೋಡಿ. ಆಮೇಲೆ ಅದರ ಬಿಗಿ ಚೀಲಕ್ಕೆ ಹಾಕದೆ ಹಳೇ ದಿಂಬಿನ ಕವರಿನಲ್ಲಿ ಸಡಿಲವಾಗಿ ತುಂಬಿ ಬೀರುವಿನ ಮೇಲಿಡಿ. ಮಳೆಗಾಲದ ನಡುವೆ ಬಿಸಿಲು ಕಂಡ ಒಂದು ಭಾನುವಾರ ಹೊರತೆಗೆದು ಗಾಳಿಗೆ ಹಿಡಿಯಿರಿ.

ವಾಷಿಂಗ್ ಮಷೀನಿಗೆ ಹಾಕಬಹುದಾ?

ಬೇಡ. ಒಗೆಯುವ ಕಲ್ಲಿಗೂ ಬೇಡ, ಸರ್ಫೂ ಬೇಡ. ನಿಲ್ಲಿಸಿಕೊಂಡು, ಸ್ಪಂಜು, ತಣ್ಣೀರು, ಬೇಕಿದ್ದರೆ ಒಂದು ಚೂರು ಮೆದು ಸೋಪು.

ಟೆಂಟ್ ಒಳಗೆ ಸೊಳ್ಳೆ ಬತ್ತಿ ಹಚ್ಚಬಹುದಾ? ಚಿಕ್ಕ ಸ್ಟವ್?

ಎರಡೂ ಕೂಡದು. ಪಾಲಿಯೆಸ್ಟರ್ 250–260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಉರಿಯುವಾಗ ಕರಗಿ ಮೈಮೇಲೆ ತೊಟ್ಟಿಕ್ಕುತ್ತದೆ. ಕ್ಯಾನ್ವಾಸ್ ಕಿಡಿಯನ್ನು ಸ್ವಲ್ಪ ತಡೆಯುತ್ತದೆ, ಹೊತ್ತಿಕೊಂಡರೆ ಅದೂ ಬಿಡುವುದಿಲ್ಲ. ಸಿಪಿಎಐ-84 (ಟೆಂಟ್ ಬಟ್ಟೆಯ ಬೆಂಕಿ ಪರೀಕ್ಷೆಯ ಅಮೆರಿಕದ ಮಾನದಂಡ) ಅಂತ ಚೀಟಿ ಇದ್ದರೆ ಬೆಂಕಿ ನಿಧಾನ ಹರಡುತ್ತದೆ ಅಂತ ಅರ್ಥ, ಉರಿಯುವುದೇ ಇಲ್ಲ ಅಂತಲ್ಲ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆ ಒಳಗಿಟ್ಟರೆ ಇನ್ನೂ ಅಪಾಯ. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಸೊಳ್ಳೆಗೆ ಜಾಲರಿ ಸಾಕು. ಬೆಂಕಿ ಹಾಕುವುದಿದ್ದರೆ ಟೆಂಟಿನಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿಕೊಂಡು.

ಅಣ್ಣ ಅಮೆರಿಕದಿಂದ ಬರ್ತಿದ್ದಾನೆ. ಅಲ್ಲಿಂದ ತರಿಸಲಾ?

ಅಣ್ಣನ 23 ಕೆ.ಜಿ. ಬ್ಯಾಗಿನಲ್ಲಿ ಅತ್ತಿಗೆ ಜಾಗ ಬಿಟ್ಟರೆ ತರಿಸಿ. ಅಲ್ಲಿನ ಅನೇಕ ಟೆಂಟುಗಳ ಚಾವಣಿ 1200–1500 ಎಂಎಂ ಇರುತ್ತದೆ. ನಮ್ಮ ಚಳಿಗಾಲಕ್ಕೆ ಪರವಾಗಿಲ್ಲ. ಕೆಟ್ಟರೆ ಬಿಡಿಭಾಗ ಇಲ್ಲಿ ಸಿಗುವುದು ಕಷ್ಟ.

ತೂತಾದರೆ?

ಅಂಟಿಸುವ ರಿಪೇರಿ ಪಟ್ಟಿ ಸಿಗುತ್ತದೆ. ಮೂಲೆಗಳನ್ನು ಗುಂಡಗೆ ಕತ್ತರಿಸಿ ಎರಡೂ ಮಗ್ಗುಲಿಗೆ ಹಚ್ಚಿ. ಉದ್ದ ಹರಿದಿದ್ದರೆ ಕೊಡೆ ರಿಪೇರಿಯವರ ಹತ್ತಿರವೋ ಬ್ಯಾಗ್ ಹೊಲಿಯುವವರ ಹತ್ತಿರವೋ ಕೊಡಿ, ಅವರ ಕೈ ನಮ್ಮ ಕೈಗಿಂತ ಚೆನ್ನಾಗಿ ಓಡುತ್ತದೆ. ಹೊಲಿದ ಮೇಲೆ ಸೂಜಿ ತೂತಿಗೆಲ್ಲ ಸೀಮ್ ಸೀಲರ್ (ಹೊಲಿಗೆ ಮುಚ್ಚುವ ಅಂಟು) ಬಳಿಯುವುದು ಮಾತ್ರ ನಿಮ್ಮ ಕೆಲಸ.

ಅಂಗಡಿಯಲ್ಲಿ ಹೇಗೆ ಪರೀಕ್ಷೆ ಮಾಡೋದು?

ಮೊಬೈಲ್ ಟಾರ್ಚ್ ಹಚ್ಚಿ ಹೊಲಿಗೆಯ ಹಿಂದೆ ಹಿಡಿಯಿರಿ. ಒಳಮೈಯಲ್ಲಿ ಹೊಳೆಯುವ ಟೇಪ್ ಉದ್ದಕ್ಕೂ ಹೋಗಿರಬೇಕು, ನಡುವೆ ಸುಕ್ಕು, ಗುಳ್ಳೆ ಇರಬಾರದು. ಮೇಲ್ಹೊದಿಕೆ ನೆಲದ ಹತ್ತಿರದವರೆಗೆ ಬರುತ್ತದಾ ನೋಡಿ. ತಲೆಯ ಮೇಲೆ ಟೋಪಿಯ ಹಾಗೆ ಚೂರೇ ಚೂರು ಹೊದಿಕೆ ಇರುವ ಟೆಂಟನ್ನು ಅಲ್ಲೇ ಬಿಟ್ಟು ಬನ್ನಿ, ಅದರ ಬಟ್ಟೆ ಎಷ್ಟೇ ಒಳ್ಳೆಯದಿರಲಿ.

ಆನ್‌ಲೈನಿನಲ್ಲಿ ತರಿಸಿದ್ದಾದರೆ ವಾಪಸ್ ಕಳಿಸುವ ಅವಧಿ ಮುಗಿಯುವ ಮುಂಚೆ ಟೆರೇಸ್ ಮೇಲೆ ನಿಲ್ಲಿಸಿ. ಗೂಟದ ಬದಲು ಇಟ್ಟಿಗೆ ಕಟ್ಟಿ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪೈಪ್ ಹಿಡಿದು ಹೊರಗೆ, ಹದಿನೈದು ನಿಮಿಷ. ಪೈಪಿನ ಬಾಯಿ ಬಟ್ಟೆಗೆ ನೇರ ಹಿಡಿಯದೆ ಮಳೆಯ ಹಾಗೆ ಮೇಲಿನಿಂದ ಬೀಳಿಸಿ. ಒಳಗೆ ಯಾರು, ಹೊರಗೆ ಯಾರು ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಪ್ರತಿ ಸಲ ಜಗಳ ಆಗುತ್ತದೆ, ಪೈಪ್ ಹಿಡಿಯುವ ಕೆಲಸ ಇಬ್ಬರು ಮಕ್ಕಳಿಗೂ ಬೇಕು.